ದಿನಕ್ಕೆ ನೂರು ಹೆಚ್ಚು

ಕಡ್ಡಿರಾಂಪುರ
11 ಜನವರಿ 2025, ಶನಿವಾರ

ಅಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾವು ಚೆನ್ನಾಗಿದ್ದೇವೆ, ಗಾಬರಿಯಾಗಬೇಡ. ಫೋನ್ ಮಾಡಿದರೆ ‘ಟಿಪ್ಪರ್ ಲೋಡಿಗೆ ನಿಂತೈತಿ, ಆಮ್ಯಾಲೆ ಮಾತಾಡ್ತೀನಿ’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ.

ಎರಡು ವರ್ಷದ ಹಿಂದೆ ನೀನು ಅವ್ವನ ಖಾನಾವಳಿ ದುಡ್ಡನ್ನು ಅವಳನ್ನು ಕೇಳದೆ ಲಾರಿಯೊಂದರ ಪಾಲಿಗೆ ಹಾಕಿ ಕಳೆದೆ. ‘ಇನ್ನ ನನ್ನ ದುಡ್ಡು ಮುಟ್ಟಬ್ಯಾಡ’ ಎಂದಳು ಅವ್ವ. ಅವಳು ಅಂದದ್ದು ಅಷ್ಟೇ, ನೀನು ಮನೆಯನ್ನೇ ಬಿಟ್ಟು ಸಂಡೂರಿಗೆ ಹೋದೆ. ಅವ್ವ ಸ್ವಂತ ಮಳಿಗೆಯ ಮುಂಗಡಕ್ಕೆ ಎರಡೂವರೆ ಲಕ್ಷ ಕೂಡಿಸಲು ದಿನಾ ಇನ್ನೂರು ರೂಪಾಯಿ ಪಿಗ್ಮಿ ಕಟ್ಟತೊಡಗಿದಳು. ನಿನ್ನ ಗೆಳೆಯ ಪಕ್ಕೀರಪ್ಪ ಮಾವನೇ ದಿನಾ ಸಂಜೆ ಬಂದು ದುಡ್ಡು ಒಯ್ದು ಪತ್ತಿನ ಸಂಘಕ್ಕೆ ತುಂಬುತ್ತಾನೆ.

ಮೊನ್ನೆ ಕಾಲೇಜಿನಲ್ಲಿ ಬಡ್ಡಿಯ ಸಮೀಕರಣ ಕಲಿಸಿದರು. ದುಡ್ಡು ಕಾಲುವೆ ನೀರಿನಂತೆ ಎಡೆಬಿಡದೆ ಬರುತ್ತದೆ, ಬಡ್ಡಿಯೂ ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತದೆ ಎಂದು ಹಿಡಿಯಬೇಕು. ಯಾವುದೇ ಗಳಿಗೆಯಲ್ಲಿ ದುಡ್ಡು ಬೆಳೆಯುವ ವೇಗವೆಂದರೆ ಆಗ ಇರುವ ದುಡ್ಡಿನ ಬಡ್ಡಿ, ಮೇಲೆ ನಾವು ಕಟ್ಟುವುದು. ಅದನ್ನೆಲ್ಲ ಒಟ್ಟುಗೂಡಿಸುವುದು ಇಂಟಿಗ್ರೇಷನ್. ಹನಿಗೂಡಿದರೆ ಹಳ್ಳ ಅನ್ನುತ್ತೀವಲ್ಲ, ಅದೇ.

ದಿನ ದಿನ ಕಟ್ಟುವ ಪಿಗ್ಮಿಗೆ ಇದು ಭಾಳ ಚೆನ್ನಾಗಿ ಹೊಂದುತ್ತದೆ. ಐದು ಶೇಕಡಾ ಬಡ್ಡಿಗೆ ಲೆಕ್ಕ ಹಾಕಿದೆ. ಎರಡು ವರ್ಷಕ್ಕೆ ಒಂದು ಲಕ್ಷ ಐವತ್ತಮೂರು ಸಾವಿರದ ಚಿಲ್ಲರೆ ಆಗಬೇಕು. ಮಳಿಗೆ ಸಿಗಲು ಒಟ್ಟು ಮೂರು ವರ್ಷ ಎರಡು ತಿಂಗಳು ಬೇಕು. ನನ್ನ ಜಾಣತನ ತೋರಿಸಲು ಸಂಘಕ್ಕೆ ಹೋಗಿ ವಿಚಾರಿಸಿದರೆ ಖಾತೆಯಲ್ಲಿ ಎರಡು ಲಕ್ಷ ಮೂವತ್ತು ಸಾವಿರವಿದೆ. ಲೆಕ್ಕ ತಪ್ಪಿತೆಂದು ನಾಚಿಕೆಯಾಯಿತು. ಮೂರು ಸಲ ಮಾಡಿದೆ, ತಪ್ಪಿರಲಿಲ್ಲ. ಆಗ ಉಲ್ಟಾ ಬಿಡಿಸಿದೆ, ಇಷ್ಟಾಗಲು ದಿನಕ್ಕೆ ಎಷ್ಟು ಕಟ್ಟಿರಬೇಕೆಂದು. ಮುನ್ನೂರು ಬಂತು.

ಆ ಹೆಚ್ಚಿನ ನೂರು ಯಾರದೆಂದು ಪಕ್ಕೀರಪ್ಪ ಮಾವನನ್ನು ಹಿಡಿದು ಕೇಳಿದೆ. ‘ಹೇಳಬ್ಯಾಡ ಅಂದಾನವ್ವ’ ಎಂದು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ, ಆಮೇಲೆ ಹೇಳಿಬಿಟ್ಟ. ಭಾನುವಾರಕ್ಕೊಮ್ಮೆ ನಿನ್ನ ಹತ್ತಿರ ಬರುತ್ತಾನಂತೆ. ಅವನ ಹೆಂಡತಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಂಡು, ಆಕೆಯ ಕೈರುಚಿ ಹೊಗಳಿ, ವಾರದ ಏಳುನೂರು ಕೊಡುತ್ತೀಯಂತೆ. ಅಪ್ಪಾ, ಅವತ್ತು ರಾತ್ರಿ ನಾನು ಖುಷಿಗೆ ಅತ್ತೆ.

ನಿನ್ನ ನೂರರಿಂದಾಗಿ ಅವ್ವನಿಗೆ ಮಳಿಗೆ ಒಂದು ವರ್ಷ ಮೊದಲೇ ಸಿಗುತ್ತದೆ. ಇನ್ನು ಎರಡೇ ತಿಂಗಳು. ದುಡ್ಡು ಮುಟ್ಟಬ್ಯಾಡ ಎಂದಳು, ನೀನು ಮುಟ್ಟಲಿಲ್ಲ, ಸೇರಿಸಿದೆ. ಮಳಿಗೆಯ ಪೂಜೆಗೆ ನೀನು ಬರಬೇಕು. ಅವ್ವ ಏನಂದಾಳು ಎಂಬುದನ್ನು ನನಗೆ ಬಿಡು, ಗುಟ್ಟನ್ನು ನಾನೇ ಮೆಲ್ಲಗೆ ತಿಳಿಸುತ್ತೇನೆ.

ನಿನ್ನ ಮಗಳು,
ಪೂಜಿತಾ

ತಾ.ಕ.: ಕಾಗದ ಮಡಿಚುವಾಗ ಅವ್ವ ಕಸಿದುಕೊಂಡು ಓದಿದಳು. ಅವಳಿಗೆ ಮೊದಲ ವಾರವೇ ಪಿಗ್ಮಿ ಚೀಟಿ ನೋಡಿ ಗೊತ್ತಾಗಿತ್ತಂತೆ. ನಕ್ಕು ಒಂದೇ ಮಾತು ಬರಿ ಎಂದಳು: ‘ಪಕ್ಕೀರಪ್ಪನ ಹೆಂಡ್ತಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲ.’