ಹನ್ನೆರಡನೆಯ ಕವಿ

ಮಾರ್ಚ್ ೧೧, ಮಂಗಳವಾರ.

ಹುಟ್ಟದೇ ಇದ್ದವನ ಜೀವನಚರಿತ್ರೆ ಬರೆದ ಮಹಾಪಾಪಿ ನಾನು. ಕ್ರೈಸ್ತ ಕವಿಗಳ ಪುಸ್ತಕಕ್ಕೆ ಹನ್ನೊಂದೇ ಮಂದಿ ಸಿಕ್ಕಿದ್ದರು. ಹನ್ನೆರಡನೆಯವನನ್ನು ತಮಾಷೆಗೆ ನಾನೇ ಸೃಷ್ಟಿಸಿ, ಉಬ್ಬಸ ಕೊಟ್ಟು, ಸಕಲ ಗೌರವಗಳೊಂದಿಗೆ ಸಾಯಿಸಿದ್ದೆ. ಸಂಪಾದಕ ಪಾದ್ರಿಗಳು ಓದಿದ ಕೂಡಲೇ ಕಿವಿ ಹಿಂಡುತ್ತಾರೆಂದು ಕಾದಿದ್ದೆ.

ಅವರು ಇವತ್ತು ಕನ್ನಡಕ ಒರೆಸಿಕೊಂಡು, "ಉಳಿದವರೆಲ್ಲ ಬರೀ ಹುಟ್ಟಿ ಸತ್ತಿದ್ದಾರೆ ಕಣೋ. ಇವನೊಬ್ಬನೇ ಪ್ರಾರ್ಥನೆ ಮಾಡ್ತಾನೆ" ಎಂದರು.

ನಗು ಬರಲಿಲ್ಲ. "ಸ್ವಾಮಿ, ಇಡೀ ದಿನ ಯಾರೂ ನನ್ನನ್ನು ಮಾತಾಡಿಸಲಿಲ್ಲ, ನೀನಾದರೂ ಬೈದುಬಿಡು" ಎಂಬ ಅವನ ಪ್ರಾರ್ಥನೆ, ಒಂದು ರಾತ್ರಿ ನನ್ನ ಈ ಕೋಣೆಯಲ್ಲಿ ನಾನೇ ಹೇಳಿಕೊಂಡದ್ದು.

ನಾಳೆ ಪುಸ್ತಕ ಅಚ್ಚಿಗೆ. ಈಗಷ್ಟೇ ಹಸ್ತಪ್ರತಿಯಲ್ಲಿ ಆ ಹನ್ನೆರಡನೆಯ ಕವಿಯ ಮೇಲೆ ಅಡ್ಡಗೆರೆ ಎಳೆದೆ. ಪ್ರಾರ್ಥನೆಯ ಆ ಒಂದು ಸಾಲಿನ ಮೇಲೆ ಮಾತ್ರ ಎಳೆಯಲು ಕೈ ಬರಲಿಲ್ಲ. ಇನ್ನು ಅದನ್ನು ಹೇಳಲು ಉಳಿದವನು ನಾನೊಬ್ಬನೇ. ಬೆಳಿಗ್ಗೆ ಪಾದ್ರಿಗಳಿಗೆ ನಿಜ ಹೇಳಿದಾಗ, ಹಾಗಾದರೆ ಈ ಪ್ರಾರ್ಥನೆ ಯಾರದಪ್ಪಾ ಎಂದು ಕೇಳಿದರೆ, ನನ್ನದೇ ಎನ್ನುವುದು ಹೇಗೆ?