ಊರು ಬಿಟ್ಟವರಿಲ್ಲ

ಆಂಡರ್ಸನ್‌ಪೇಟೆ ಆಟೊ ಸ್ಟ್ಯಾಂಡ್
೧೬ ಮೇ ೨೦೨೫

ಪ್ರೀತಿಯ ಭಾರ್ಗವಿ ಅಕ್ಕಾ,

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ದೆಹಲಿಯ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಾಗಿಲ್ಲ ತಾನೆ? ಫೋನ್ ಮಾಡಿದರೆ ಮೀಟಿಂಗ್ ಅನ್ನುತ್ತೀಯ, ಅದಕ್ಕೇ ಈ ಕಾಗದ. ಇದು ಮೀಟಿಂಗ್ ಮುಗಿಯುವವರೆಗೂ ಕಾಯುತ್ತದೆ.

ನಿನ್ನ ಸಂಸ್ಥೆಯ ವರದಿ ಮಾರ್ಚ್‌ನಲ್ಲೇ ನಮ್ಮ ಪಂಚಾಯಿತಿಗೆ ಬಂತು. ಮೊದಲ ಪುಟದಲ್ಲೇ ನಿನ್ನ ಹೆಸರು, ಹೆಸರಿನ ಹಿಂದೆ ಡಾಕ್ಟರ್. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. ಒಳಗಿನ ಪುಟ ಮಾತ್ರ ನಾನು ಓದಿ ಹೇಳಲಿಲ್ಲ. ಮಳೆ ಕೈಕೊಟ್ಟು ಊರು ಬಿಟ್ಟವರ ಪಟ್ಟಿಯಲ್ಲಿ ನಮ್ಮೂರಿನ ಎದುರು ಸೊನ್ನೆ ಇದೆ. ಬೋರು ಬತ್ತಿದ ವರ್ಷದಿಂದ ದಿನಾ ಮೊದಲ ಬಸ್ಸಿಗೆ ಬಂಗಾರಪೇಟೆಗೆ ಹೋಗಿ ಬೆಂಗಳೂರಿನ ರೈಲು ಹತ್ತುವವರು ನಮ್ಮ ಬೀದಿಯಲ್ಲೇ ಹದಿನಾಲ್ಕು ಜನ. ಅವರಲ್ಲಿ ಅಮ್ಮನೂ ಒಬ್ಬಳು. ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸಿಯೇ ನಿನ್ನನ್ನು ಓದಿಸಿದಳು.

ತಪ್ಪು ಅಮ್ಮನದೂ ಇದೆ, ಮುಚ್ಚಿಡುವುದಿಲ್ಲ. ಸರ್ವೆಯ ಹಿಂದಿನ ದಿನ ಮನೆಮನೆಗೂ ಹೋಗಿ, "ನನ್ ಮಗಳ ಆಫೀಸಿನೋರು ಬತ್ತಾರೆ, ಊರು ಬಿಟ್ಟು ದುಡಿಯಾಕೋಗ್ತೀವಿ ಅಂತ ಯೇಳಿ ಮರ್ಯಾದೆ ಕಳೀಬ್ಯಾಡಿ" ಎಂದು ಹೇಳಿಕೊಟ್ಟಿದ್ದಳು. ಅವರು ಬಂದದ್ದೂ ಹನ್ನೊಂದು ಗಂಟೆಗೆ, ದುಡಿಯುವವರೆಲ್ಲ ರೈಲು ಹತ್ತಿ ಹೋದ ಮೇಲೆ. ಊರಲ್ಲಿ ಉಳಿದಿದ್ದ ಮುತ್ಯಾಲಮ್ಮಜ್ಜಿ, ಕೋದಂಡಪ್ಪ ತಾತ ಇಬ್ಬರೂ, ರಾತ್ರಿ ಎಲ್ಲರೂ ಮನೆಯಲ್ಲೇ ಮಲಗುತ್ತಾರೆ ಅಂದರು. ಆರು ತಿಂಗಳು ಬೇರೆ ಊರಲ್ಲಿ ಮಲಗಿದವರು ಮಾತ್ರ ನಿಮ್ಮ ಲೆಕ್ಕಕ್ಕೆ ವಲಸೆ ಹೋದವರಂತೆ. ಸರ್ವೆಯವರಿಗೆ ನಮ್ಮೂರು ಗೊತ್ತಿರಲಿಲ್ಲ ಬಿಡು. ನಿನಗೆ ಗೊತ್ತಿತ್ತಲ್ಲ ಅಕ್ಕಾ. ಅದೇ ರೈಲಿನ ಬಾಗಿಲ ಬಳಿ ಅಮ್ಮನ ಪಕ್ಕ ಕೂತು ಪರೀಕ್ಷೆಗೆ ಓದಿದವಳು ನೀನು. ಆದರೂ ಸಹಿ ಹಾಕಿದೆ.

ಸೊನ್ನೆ ಬಿದ್ದ ಊರಿಗೆ, ವಲಸೆ ಹೋದವರಿಗೆ ಕೊಡುವ ಉಚಿತ ಚಿಕಿತ್ಸೆಯ ಕಾರ್ಡಿಲ್ಲ. ಏಪ್ರಿಲ್‌ನಲ್ಲಿ ಟೇಕಲ್ ಹತ್ತಿರ ಅಮ್ಮ ಬಿಸಿಲು ಬಡಿದು ರೈಲಿನಲ್ಲೇ ಬಿದ್ದಳು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಕಾರ್ಡು. ಪಟ್ಟಿ ತಿದ್ದಿಸು ಎಂದು ನಿನ್ನನ್ನು ಬೇಡಿಕೊಂಡೆ. "ಡೆಫಿನಿಷನ್ ಬದಲಾಯಿಸೋಕಾಗಲ್ಲ ಕಣೋ" ಅಂದೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ವಲಸೆ ಅಂದರೇನು ಎಂದು ದೇಶಕ್ಕೆಲ್ಲ ಪಾಠ ಹೇಳುತ್ತೀಯ, ಹೆತ್ತವಳ ಓಡಾಟಕ್ಕೆ ಒಂದು ಸಾಲು ಬರೆಯಲು ನಿನಗೆ ಕೈ ಬರಲಿಲ್ಲ.

ಅಮ್ಮ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ.

ಇಂತಿ ನಿನ್ನ ತಮ್ಮ,
ಮಂಜೇಶ

ವಿ.ಸೂ.: ಆಟೊಗೆ ಬಾಡಿಗೆ ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ರೈಲಿನ ಓಡಾಟ ಅಮ್ಮನ ಕೈಲಿ ಇನ್ನು ಆಗದು. ಸೋಮವಾರದಿಂದ ಅಪಾರ್ಟ್‌ಮೆಂಟಿನ ಪಂಪ್ ರೂಮಿನ ಪಕ್ಕದಲ್ಲೇ ಇರುತ್ತಾಳೆ, ಊರಿಗೆ ಬರುವುದಿಲ್ಲ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ: "ಬಾರ್ಗವೀಗೆ ಯೇಳ್ಬ್ಯಾಡ ಕಣ್ಲಾ, ಅವಳು ಬರ್ದಿದ್ದು ಸುಳ್ಳಾಗೋಯ್ತದೆ."