ವರ್ಡೆಲ್‌ಗೆ ಹೇಳದೆ ಉಳಿಸಿಕೊಂಡ ಮಾತು

೧೯೪೯ ಜುಲೈ ೧೪, ಗುರುವಾರ. ಬರ್ಮಿಂಗ್‌ಹ್ಯಾಮ್.

ವರ್ಡೆಲ್‌ನನ್ನು ಆರಿಸಿದರು. ನನ್ನನ್ನಲ್ಲ.

ಬಿಳಿಯರ ಬೇಸ್‌ಬಾಲ್ ತಂಡಕ್ಕೆ ಆಟಗಾರರನ್ನು ಹುಡುಕುವವನೊಬ್ಬ ಇವತ್ತು ನಮ್ಮ ಕರಿಯರ ಲೀಗಿನ ಆಟ ನೋಡಲು ಬಂದಿದ್ದ. ಅವನ ಕಣ್ಣೆದುರೇ ಗೋಡೆಯವರೆಗೆ ಓಡಿ, ತಲೆಯ ಮೇಲಿಂದ ಹಾರಿಹೋಗುತ್ತಿದ್ದ ಚೆಂಡನ್ನು ಹಿಡಿದೆ. ಹದಿನೈದು ವರ್ಷದಲ್ಲಿ ಅಂಥ ಕ್ಯಾಚ್ ಹಿಡಿದಿರಲಿಲ್ಲ.

“ಇವನನ್ನ ಹತ್ತು ವರ್ಷ ಹಿಂದೆ ನೋಡ್ಬೇಕಿತ್ತು,” ಅಂದ ಅವನು, ನನ್ನತ್ತ ತೋರಿಸಿ.

“ಆಗ ನೀವು ಈ ಕಡೆ ತಲೆ ಹಾಕಿದ್ರೆ ತಾನೆ, ಸ್ವಾಮಿ,” ಅಂದರು ನಮ್ಮ ಮ್ಯಾನೇಜರ್ ಟಲಿವರ್.

ಎಲ್ಲರೂ ನಕ್ಕರು. ನಾನು ಗ್ಲೌಸ್ ಬಿಚ್ಚಿ ಬೆಂಚಿನ ಮೇಲೆ ಎಸೆದೆ. ವರ್ಡೆಲ್‌ಗೆ ಇಪ್ಪತ್ತೆರಡು, ಮೈದಾನದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನೂ ನನ್ನಿಂದಲೇ ಕಲಿತವನು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ. “ಅಣ್ಣಾ, ಗೋಡೆ ಹತ್ರದ ಚೆಂಡು ನಿಂಗೆ ಅದ್ಹೇಗೆ ಸಿಗುತ್ತೆ? ಬಿಳಿಯರ ತಂಡದಲ್ಲಿ ಒಂದು ಬಿಟ್ರೂ ವಾಪಸ್ ಕಳಿಸ್ತಾರೆ.”

“ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ, ಅಷ್ಟೆ,” ಅಂದೆ.

ಸುಳ್ಳು. ಬ್ಯಾಟಿನ ಸದ್ದು ಕೇಳಿದ ಕೂಡಲೇ ಚೆಂಡು ಬೀಳುವ ಜಾಗ ಅಂದಾಜಿಸಿ, ಅದಕ್ಕೆ ಬೆನ್ನು ಹಾಕಿ ಓಡಿ, ಕೊನೆಗೆ ತಿರುಗಿ ನೋಡಬೇಕು. ನೋಡುತ್ತಲೇ ಓಡಿದರೆ ಅವನಿಗೆ ತಡವಾಗುತ್ತದೆ, ಇಲ್ಲವೇ ಗೋಡೆಗೆ ಬಡಿಯುತ್ತಾನೆ. ಗೊತ್ತಿದ್ದೇ ಹೇಳಿದೆ. ಅವನು ನನ್ನ ಕೈ ಹಿಡಿದು ಥ್ಯಾಂಕ್ಸ್ ಅಂದ.

ಬೆಳಿಗ್ಗೆ ಆರಕ್ಕೆ ಅವನ ರೈಲು. ನಿಲ್ದಾಣ ಎರಡೇ ಮೈಲಿ. ಎದ್ದು ಹೋಗಿ ನಿಜ ಹೇಳಬಹುದು. ಅಲಾರಂ ಇಡೋಣವೆಂದು ಗಡಿಯಾರವನ್ನು ಎರಡು ಸಲ ಕೈಗೆತ್ತಿಕೊಂಡೆ. ಎರಡು ಸಲವೂ ಹಾಗೇ ಕೆಳಗಿಟ್ಟೆ.